“ತಾಳಿ” ಎಂದದ್ದನ್ನು ಮೊದಲು ಎಣಿಸಿ

ಪ್ರಶ್ನೆ: ನಾವು ಚಿಕ್ಕಬಳ್ಳಾಪುರದ ನಾಲ್ವರು ಗೆಳೆಯರು. ಮೂರನೆಯ ಮೈಸೂರು ಯುದ್ಧದ (1790–92) ಮೇಲೆ ನಾವೇ ಒಂದು ಬೋರ್ಡ್ ಆಟ ಕಟ್ಟಿದ್ದೇವೆ. ಟಿಪ್ಪು, ಕಂಪನಿ, ನಿಜಾಮ, ಮರಾಠ ಎಂದು ನಾಲ್ಕು ಪಕ್ಷ. ನಕ್ಷೆಯಲ್ಲಿ 72 ಊರು-ಕೋಟೆಗಳು, 96 ಎಲೆಗಳು (ಕಾರ್ಡುಗಳು), 31 ಪುಟಗಳ ನಿಯಮ. ಒಂದು ಆಟ ಮುಗಿಯಲು ಎಂಟು ಗಂಟೆ ಬೇಕು. ಈಗ ನಮ್ಮಲ್ಲೊಬ್ಬರು ಪುಣೆಗೆ, ಇನ್ನೊಬ್ಬರು ಮಂಗಳೂರಿಗೆ ಹೋಗಿದ್ದಾರೆ. ಆಟವನ್ನು ಆನ್‌ಲೈನ್‌ಗೆ ತರಬೇಕೆಂದಿದ್ದೇವೆ. ನನಗೆ ಜಾವಾಸ್ಕ್ರಿಪ್ಟ್ ಅಷ್ಟಿಷ್ಟು ಬರುತ್ತದೆ, ನಕ್ಷೆಯನ್ನು ಸ್ಕ್ಯಾನ್ ಮಾಡಿಟ್ಟಿದ್ದೇನೆ. ನಿಯಮ ಪುಸ್ತಕವನ್ನೂ ಕಳಿಸಿದ್ದೇನೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ:

ಸ್ಕ್ಯಾನ್ ಮಾಡಿದ ನಕ್ಷೆಯನ್ನು ಸದ್ಯಕ್ಕೆ ಮುಚ್ಚಿಡಿ. ಅದು ಚೆನ್ನಾಗಿಲ್ಲವೆಂದಲ್ಲ. ಗುಡಿಬಂಡೆಯಿಂದ ದೇವನಹಳ್ಳಿಯವರೆಗಿನ ದಾರಿಗಳನ್ನು ಕೈಯಲ್ಲೇ ಬರೆದವರ ಅಕ್ಕರೆ ಅದರಲ್ಲಿ ಎದ್ದು ಕಾಣುತ್ತದೆ. ಆದರೆ ಚಿತ್ರ ಕೊನೆಗೆ ಬರುವ ಕೆಲಸ. ಈ ಕೆಲಸಕ್ಕೆ ಇಳಿಯುವ ಎಲ್ಲರೂ ಚಿತ್ರದಿಂದಲೇ ಶುರು ಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ತೆರೆಯ ಮೇಲೆ ಕಾಯಿಗಳು ಸೊಗಸಾಗಿ ಜಾರುತ್ತಿದ್ದವು, ಮನೆಮಂದಿಯೆಲ್ಲ ನೋಡಿ ಮೆಚ್ಚಿದರು. ಎರಡು ತಿಂಗಳಾದರೂ ಒಂದೇ ಒಂದು ಆಟ ಮುಗಿಯಲಿಲ್ಲ.

ಮುಗಿಯದಿದ್ದುದಕ್ಕೆ ಕಾರಣ ಕೋಡ್ ಅಲ್ಲ, ಕಾಯುವುದು. ಮೇಜಿನ ಸುತ್ತ ಕುಳಿತವರಿಗೆ ಈ ಕಾಯುವಿಕೆ ಗೊತ್ತಾಗುವುದೇ ಇಲ್ಲ. ಒಬ್ಬರು ಕಾಯಿ ನಡೆಸಲು ಕೈ ಚಾಚುತ್ತಾರೆ, ಎದುರಿಗಿದ್ದವರು “ತಾಳಿ, ತಾಳಿ” ಎಂದು ಎಲೆಯೊಂದನ್ನು ಇಳಿಸುತ್ತಾರೆ, ಮೂರನೆಯವರು “ಹಾಗಾದರೆ ನನ್ನದೂ ಒಂದಿದೆ” ಎನ್ನುತ್ತಾರೆ, ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಆ ಒಂದೊಂದು “ತಾಳಿ”ಯೂ ಆನ್‌ಲೈನ್‌ನಲ್ಲಿ ಅರ್ಧ ದಿನ. ಒಬ್ಬರು ಕಚೇರಿಯಲ್ಲಿರುತ್ತಾರೆ, ಇನ್ನೊಬ್ಬರು ಬಸ್ಸಿನಲ್ಲಿ, ಮತ್ತೊಬ್ಬರ ಮನೆಯಲ್ಲಿ ನಾಮಕರಣ.

ಆದ್ದರಿಂದ ಮೊದಲ ಕೆಲಸ ಇದು. ಮುಂದಿನ ದೀಪಾವಳಿಗೆ ನಾಲ್ವರೂ ಊರಿಗೆ ಬಂದಾಗ ಒಂದು ಆಟ ಆಡಿ, ಮೊಬೈಲಿನಲ್ಲಿ ಪೂರ್ತಿ ಧ್ವನಿಮುದ್ರಣ ಮಾಡಿ. ಆಮೇಲೆ ಕೇಳುತ್ತಾ “ತಾಳಿ” ಎಂಬ ಮಾತು ಎಷ್ಟು ಸಲ ಬಂತು, ಯಾರು ಯಾರಿಗೆ ಹೇಳಿದರು, ಯಾವ ನಿಯಮದ ಬಲದಿಂದ ಹೇಳಿದರು ಎಂದು ಬರೆದುಕೊಳ್ಳಿ. ಬೇಸರದ ಕೆಲಸವೇ ಹೌದು. ಆದರೆ ಆನ್‌ಲೈನ್ ಆಟದ ನಿಜವಾದ ನಕ್ಷೆ ಆ ಪಟ್ಟಿ.

ನಿಮ್ಮ ನಿಯಮ ಪುಸ್ತಕದ 17ನೇ ಪುಟವನ್ನೇ ತೆಗೆದುಕೊಳ್ಳೋಣ: ಮುತ್ತಿಗೆ. ಕಂಪನಿಯವರು “ನಂದಿದುರ್ಗಕ್ಕೆ ಮುತ್ತಿಗೆ” ಎಂದರು. ಆಗ ಟಿಪ್ಪುವನ್ನು ಪಕ್ಕದ ಊರಿನಿಂದ ಕುಮ್ಮಕ್ಕು ಕಳಿಸುತ್ತೀರಾ ಎಂದು ಕೇಳಬೇಕು. ನಿಜಾಮನನ್ನು ಕುದುರೆ ಕೊಡುತ್ತೀರಾ ಎಂದು ಕೇಳಬೇಕು. ಮರಾಠರನ್ನೂ ಕೇಳಬೇಕು. ಅವರೆಲ್ಲರ ಮಾತು ಕೇಳಿದ ಮೇಲೆ ಕಂಪನಿ ಎಷ್ಟು ಫಿರಂಗಿ ಹೂಡುತ್ತದೆ ಎಂದು ಹೇಳಬೇಕು. ಟಿಪ್ಪುವಿಗೆ ಎದುರೆಲೆ ಇಳಿಸಲು ಅವಕಾಶ. ಅದಕ್ಕೆ ಕಂಪನಿಯ ಮರುಎಲೆ. ದಾಳ. ಆಮೇಲೆ ಟಿಪ್ಪು ಯಾವ ಕಾಯಿ ಕಳೆದುಕೊಳ್ಳುವುದೆಂದು ಆರಿಸಬೇಕು, ಕಂಪನಿಯೂ ತನ್ನದನ್ನು ಆರಿಸಬೇಕು. ದಾಳವನ್ನು ಬಿಟ್ಟು ಎಣಿಸಿದರೆ ಎಂಟು ಕಡೆ ನಿಂತು ಕಾಯಬೇಕು. ದಿನಕ್ಕೆ ಎರಡು ಸಲ ಮೊಬೈಲ್ ನೋಡುವ ನಾಲ್ವರು ಮರ್ಯಾದಸ್ಥರು ಆಡಿದರೆ ಒಂದು ಮುತ್ತಿಗೆಗೆ ನಾಲ್ಕು ದಿನ. ಒಂದು ಆಟದಲ್ಲಿ ಮೂವತ್ತು ಮುತ್ತಿಗೆಗಳಿದ್ದರೆ ನೂರಿಪ್ಪತ್ತು ದಿನ ಬರೀ ಮುತ್ತಿಗೆಗೇ ಆಯಿತು. 1791ರ ಅಕ್ಟೋಬರಿನಲ್ಲಿ ಇಂಗ್ಲಿಷರ ಪಡೆ ನಂದಿಯನ್ನು ಹಿಡಿಯಲು ಸುಮಾರು ಮೂರು ವಾರ ತೆಗೆದುಕೊಂಡಿತ್ತು. ನಿಮ್ಮವರಲ್ಲಿ ಒಬ್ಬರಿಗೆ ಜ್ವರ ಬಂದರೆ ಆ ದಾಖಲೆಯೂ ಮುರಿಯುತ್ತದೆ.

ಇದನ್ನು ಇಳಿಸುವುದು ಹೇಗೆ? ಮೂವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಕೇಳುವ ಬದಲು ಏಕಕಾಲಕ್ಕೆ ಕೇಳಿ. ಟಿಪ್ಪು ಕುಮ್ಮಕ್ಕಿನ ಜೊತೆಗೇ ಎದುರೆಲೆಯನ್ನೂ ಮುಚ್ಚಿ ಇಟ್ಟುಬಿಡಲಿ. ಮೂವರ ಉತ್ತರವೂ ಬಂದಾಗ ಒಟ್ಟಿಗೆ ಬಯಲಾಗಲಿ. ಅದನ್ನು ನೋಡಿ ಕಂಪನಿ ಫಿರಂಗಿ, ಮರುಎಲೆ ಎರಡನ್ನೂ ಒಂದೇ ಸಲ ಹೇಳಲಿ. ಯಾವ ಕಾಯಿಗಳನ್ನು ಮೊದಲು ಕಳೆದುಕೊಳ್ಳಬೇಕು ಎಂಬುದಕ್ಕೆ ಪ್ರತಿಯೊಬ್ಬರೂ ಮುಂಗಡವಾಗಿ ಒಂದು ಅಪ್ಪಣೆ ಬರೆದಿಡಲಿ: ಮೊದಲು ಬಾಡಿಗೆ ಕುದುರೆ, ಆಮೇಲೆ ಕಾಲಾಳು, ಕೊನೆಗೆ ಫಿರಂಗಿ ಎಂಬಂತೆ. ಬೇಕೆನಿಸಿದಾಗ ಆ ಅಪ್ಪಣೆಯನ್ನು ಬದಲಿಸಬಹುದು. ಎಂಟು ಇದ್ದದ್ದು ಎರಡಕ್ಕೆ ಬಂತು.

ಇಲ್ಲಿ ನಿಮ್ಮ ಗುಂಪಿನಲ್ಲಿ ಜಗಳ ಹುಟ್ಟುತ್ತದೆ, ಹುಟ್ಟಲೇಬೇಕು. ಹಳೆಯ ಆಟದಲ್ಲಿ ಟಿಪ್ಪು ಫಿರಂಗಿಯ ಲೆಕ್ಕ ನೋಡಿದ ಮೇಲೆ ಎದುರೆಲೆ ಇಳಿಸುತ್ತಿದ್ದ, ಈಗ ನೋಡದೆಯೇ ಇಳಿಸಬೇಕು. ಇದು ಅನುಕೂಲಕ್ಕೆಂದು ಮಾಡಿದ ಸಣ್ಣ ತಿದ್ದುಪಡಿ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ಇದು ನಿಯಮದ ಬದಲಾವಣೆಯೇ. ಟಿಪ್ಪುವಿನ ಕೈ ಸ್ವಲ್ಪ ಸೋತಿತು. ಅದಕ್ಕೆ ಬದಲಾಗಿ ಅವನಿಗೊಂದು ಎಲೆ ಹೆಚ್ಚು ಕೊಡುತ್ತೀರೋ, ನಂದಿಯ ಗೋಡೆಗೆ ಒಂದು ಅಂಕ ಹೆಚ್ಚಿಸುತ್ತೀರೋ, ಆಡಿ ನೋಡಿ ತೀರ್ಮಾನಿಸಬೇಕು. ಮೇಜಿನ ಆಟವನ್ನು ಕೂದಲೆಳೆಯಷ್ಟೂ ಬದಲಿಸದೆ ಆನ್‌ಲೈನ್‌ಗೆ ತರುತ್ತೇವೆ ಎಂದು ಹಟ ಹಿಡಿದವರ ಆಟಗಳು ನಾನು ಕಂಡಂತೆ ಮೂರನೆಯ ಸುತ್ತಿಗೇ ಮಲಗುತ್ತವೆ.

ಇನ್ನೊಂದು ಮಾತೂ ಇದೆ. ಎದುರಾಳಿಯ ಲೆಕ್ಕ ತಿಳಿಯದೆ ಅಪ್ಪಣೆ ಕೊಡುವುದು ಈ ಯುದ್ಧಕ್ಕೆ ಹೊರಗಿನ ವಿಷಯವಲ್ಲ. 1791ರ ಮಾರ್ಚಿನಲ್ಲಿ ಕೋಲಾರ, ಹೊಸಕೋಟೆಗಳ ದಾರಿಯಲ್ಲಿ ಬಂದು ಬೆಂಗಳೂರನ್ನು ಹಿಡಿದ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರಕ್ಕೆ ಹೋದ. ಅಲ್ಲಿ ಮಳೆ, ಹಸಿವು; ಎತ್ತುಗಳು ಸತ್ತುಬಿದ್ದವು. ಎಳೆಯುವವರಿಲ್ಲದೆ ದೊಡ್ಡ ಫಿರಂಗಿಗಳನ್ನು ತಾನೇ ನಾಶ ಮಾಡಿ ಹಿಂದಿರುಗಿದ. ಅವನು ಕಾಯುತ್ತಿದ್ದ ಮರಾಠರ ದಂಡು ದವಸ-ಎತ್ತುಗಳ ಸಮೇತ ಆಗಲೇ ಸಮೀಪಕ್ಕೆ ಬಂದಿತ್ತು. ಟಿಪ್ಪುವಿನ ಸವಾರರು ಹರಕಾರರನ್ನು ದಾರಿಯಲ್ಲೇ ತಡೆದಿದ್ದರಿಂದ ಅವನಿಗೆ ಸುದ್ದಿ ತಲುಪಿರಲಿಲ್ಲ. ಮೇಜಿನ ಸುತ್ತ ಕುಳಿತು ಆಡುವಾಗ ಇಂಥ ಸಂದರ್ಭ ಹುಟ್ಟುವುದೇ ಇಲ್ಲ, ಏಕೆಂದರೆ ಮರಾಠರ ಕಾಯಿ ಎಲ್ಲರ ಕಣ್ಣೆದುರೇ ಇರುತ್ತದೆ. ಆನ್‌ಲೈನ್ ನಿಮಗೆ ಕೊಡುವ ಲಾಭ ಇದೇ. ಕಾಯುವಿಕೆಯನ್ನು ಇಳಿಸಲು ತಂದ ಮುಚ್ಚಿದ ಅಪ್ಪಣೆ ಇತಿಹಾಸಕ್ಕೂ ಹತ್ತಿರವಾಗುತ್ತದೆ.

ಈ ದಾರಿ ಹೊಸದೇನೂ ಅಲ್ಲ. ಅಮೆರಿಕದ ಅಲನ್ ಕ್ಯಾಲಮರ್ 1959ರಲ್ಲಿ ಸ್ವಂತ ಖರ್ಚಿನಲ್ಲಿ 500 ಪ್ರತಿ ಹೊರತಂದ ಡಿಪ್ಲೊಮಸಿ ಆಟವನ್ನು ನೋಡಿ. ಏಳು ಜನ, ಮೊದಲ ಮಹಾಯುದ್ಧದ ಹೊಸ್ತಿಲಿನ ಯುರೋಪು. ಎಲ್ಲರೂ ಅಪ್ಪಣೆಯನ್ನು ಚೀಟಿಯಲ್ಲಿ ಬರೆದು ಒಟ್ಟಿಗೆ ಬಿಚ್ಚುತ್ತಾರೆ. ನಡುವೆ “ತಾಳಿ” ಎನ್ನಲು ಜಾಗವೇ ಇಲ್ಲ. 1963ರಲ್ಲೇ ಜನ ಅದನ್ನು ಅಂಚೆಯಲ್ಲಿ ಆಡತೊಡಗಿದರು, 80ರ ದಶಕದ ಕೊನೆಗೆ ಇಮೇಲ್ ಮೂಲಕ ಅಪ್ಪಣೆ ಪಡೆದು ತೀರ್ಪು ಕೊಡುವ ಪ್ರೋಗ್ರಾಂ ಬಂತು. ಮೂವತ್ತೊಂದು ಪುಟದ ನಿಯಮವಿಲ್ಲದ ಆಟ ಅದು, ನಿಜ. ಆದರೆ ದೂರದಿಂದ ಆಡಲು ಒಗ್ಗಿದ್ದು ನಿಯಮ ಕಡಿಮೆ ಇದೆಯೆಂದಲ್ಲ, ಸರದಿಯೊಳಗೆ ಸರದಿ ಇಲ್ಲವೆಂದು.

ಈಗ ಒಂದು ಹಳ್ಳ ತೋರಿಸುತ್ತೇನೆ. ಕಾಯುವಿಕೆ ಕಡಿಮೆ ಮಾಡುವ ಉಮೇದಿನಲ್ಲಿ ಎಲ್ಲರೂ ಅದರಲ್ಲಿ ಬೀಳುತ್ತಾರೆ. ಟಿಪ್ಪುವಿನ ಕೈಯಲ್ಲಿ ಎದುರೆಲೆ ಇಲ್ಲದಿದ್ದರೆ ಅವನನ್ನು ಕೇಳುವುದೇಕೆ, ಕಂಪ್ಯೂಟರೇ ದಾಟಿಸಿಬಿಡಲಿ ಅನ್ನಿಸುತ್ತದೆ. ಅನ್ನಿಸಲಿ, ಮಾಡಬೇಡಿ. ಆಟ ಥಟ್ಟನೆ ಮುಂದೆ ಹೋದೊಡನೆ ಕಂಪನಿಯವನಿಗೆ ಟಿಪ್ಪುವಿನ ಕೈ ಖಾಲಿ ಎಂದು ಗೊತ್ತಾಗುತ್ತದೆ. ಅವನು ಅದೇ ದಿನ ಇನ್ನೆರಡು ಕೋಟೆಗಳಿಗೆ ಲಗ್ಗೆ ಹಾಕುತ್ತಾನೆ. ಎಲೆ ಇರಲಿ, ಇಲ್ಲದಿರಲಿ, ಪ್ರಶ್ನೆ ಹೋಗಲೇಬೇಕು. ಇಲ್ಲವೇ ಯಾವ ಎಲೆಯೂ ಇಲ್ಲದವನಿಗೂ “ಇಡೀ ಸುತ್ತು ನನ್ನನ್ನು ಕೇಳಬೇಡಿ” ಎಂದು ಮೊದಲೇ ಹೇಳಿಡುವ ಗುಂಡಿಯೊಂದನ್ನು ಕೊಡಿ, ಎಲೆ ಇರುವವನೂ ಅದನ್ನು ಒತ್ತಿ ಮೋಸ ಮಾಡಬಹುದಾದಂತೆ. ಮೌನವೂ ಮಾತಾಡುತ್ತದೆ ಎಂಬುದು ಇಸ್ಪೀಟು ಆಡಿದ ಯಾರಿಗೂ ಹೊಸದಲ್ಲ, ಆದರೂ ಕೋಡ್ ಬರೆಯುವಾಗ ಮರೆತುಹೋಗುತ್ತದೆ.

ಗುಟ್ಟಿನ ವಿಷಯ ಬಂದದ್ದಕ್ಕೆ ನನ್ನ ಮೂರ್ಖತನವೊಂದನ್ನೂ ಹೇಳಿಬಿಡುತ್ತೇನೆ. ನನ್ನ ಮೊದಲ ಆಟದಲ್ಲಿ ಎಲ್ಲರ ಎಲೆಗಳನ್ನೂ ಎಲ್ಲರ ಬ್ರೌಸರಿಗೆ ಕಳಿಸಿ, ಬೇರೆಯವರದನ್ನು ಮಾತ್ರ ಬೆನ್ನು ತಿರುಗಿಸಿ ತೋರಿಸುತ್ತಿದ್ದೆ. ಮೂರು ವಾರ ಅಣ್ಣನ ಮಗನೊಬ್ಬನೇ ಗೆಲ್ಲುತ್ತಾ ಹೋದ. ಒಂದು ಭಾನುವಾರ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗಿದ್ದಾಗ ಹುಡುಗ ತಾನಾಗಿಯೇ ಬಾಯಿಬಿಟ್ಟ: ಬ್ರೌಸರಿನಲ್ಲಿ ಒಂದು ಕೀಲಿ ಒತ್ತಿದರೆ ಪುಟದ ಒಳಗಿರುವುದೆಲ್ಲ ಕಾಣುತ್ತದೆ, ಚಿಕ್ಕಪ್ಪ, ನಿಮ್ಮ ಎಲೆಗಳೂ ಕಾಣುತ್ತವೆ. ಇಡ್ಲಿಯ ಹಣ ಅವನೇ ಕೊಡಬೇಕಾಯಿತು. ಆಟಗಾರನಿಗೆ ಕಾಣಬಾರದ್ದು ಅವನ ಯಂತ್ರಕ್ಕೆ ಹೋಗಲೇಬಾರದು. ಸರ್ವರ್ ಒಂದೇ ಸ್ಥಿತಿಯಿಂದ ನಾಲ್ವರಿಗೆ ನಾಲ್ಕು ಬೇರೆ ಬೇರೆ ನೋಟಗಳನ್ನು ಕತ್ತರಿಸಿ ಕಳಿಸಬೇಕು, ಸುಮ್ಮನೆ ನೋಡಲು ಬಂದವರಿಗೆ ಐದನೆಯದನ್ನು.

1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್ವಿಟ್ಜ್ ತನ್ನ ಕ್ರೀಗ್‌ಸ್ಪೀಲ್ ಯುದ್ಧದಾಟಕ್ಕೆ ಇಟ್ಟುಕೊಂಡ ಏರ್ಪಾಡು ಇದೇ. ಎರಡು ಪಕ್ಷಗಳೂ ತಮ್ಮ ಅಪ್ಪಣೆಗಳನ್ನು ನಡುವೆ ಕುಳಿತ ಮಧ್ಯಸ್ಥನಿಗೆ ಬರೆದು ಕೊಡುತ್ತಿದ್ದವು, ಅವನು ಅವರವರ ಕಣ್ಣಿಗೆ ಬೀಳುವಷ್ಟನ್ನು ಮಾತ್ರ ತಿಳಿಸುತ್ತಿದ್ದ. ಸರ್ವರ್ ಎಂದರೆ ನಿದ್ದೆ ಮಾಡದ ಮಧ್ಯಸ್ಥ, ಅಷ್ಟೇ. ದಾಳವನ್ನೂ ಅವನೇ ಹಾಕಬೇಕು, ಆಟಗಾರನ ಮೊಬೈಲ್ ಅಲ್ಲ.

ಇನ್ನು ಕೋಡ್. ನಿಮ್ಮ 31 ಪುಟಗಳನ್ನು ಪ್ರೋಗ್ರಾಂ ಆಗಿಸುವಾಗ ಆಟದ ಪ್ರತಿ ಕ್ಷಣವನ್ನೂ ಮೂರು ಪ್ರಶ್ನೆಗೆ ಇಳಿಸಿ: ಈಗ ಯಾರು ತೀರ್ಮಾನಿಸಬೇಕು, ಅವರಿಗೆ ಏನು ಕಾಣುತ್ತದೆ, ಅವರು ಏನೇನು ಮಾಡಬಹುದು. ‘ಮುತ್ತಿಗೆಗೆ ಉತ್ತರ’ ಒಂದು ಸ್ಥಿತಿ, ‘ಫಿರಂಗಿ ಹೂಡಿಕೆ’ ಇನ್ನೊಂದು, ‘ನಷ್ಟದ ಲೆಕ್ಕ’ ಮತ್ತೊಂದು. ಬೋರ್ಡ್ ಗೇಮ್ ಅರೀನಾ ಎಂಬ ದೊಡ್ಡ ತಾಣಕ್ಕೆ ಆಟ ಬರೆಯುವವರು ಮೊದಲು ಮಾಡುವುದೂ ಇದನ್ನೇ. ಅಲ್ಲಿ ಮುಖ್ಯವಾಗಿ ಮೂರು ಬಗೆಯ ಸ್ಥಿತಿಗಳು: ಒಬ್ಬರೇ ತೀರ್ಮಾನಿಸುವುದು, ಹಲವರು ಏಕಕಾಲಕ್ಕೆ ತೀರ್ಮಾನಿಸುವುದು, ಯಾರನ್ನೂ ಕೇಳದೆ ಆಟವೇ ಮುಂದುವರಿಯುವುದು. ನಿಮ್ಮ ಪಟ್ಟಿಯಲ್ಲಿ ಮೊದಲ ಬಗೆಯವು ಎಷ್ಟು ಎರಡನೆಯ, ಮೂರನೆಯ ಬಗೆಗೆ ಬದಲಾಗುತ್ತವೋ ಅಷ್ಟು ಆಟ ಓಡುತ್ತದೆ.

ಹೀಗೆ ಬರೆಯಲು ಕುಳಿತಾಗ ಒಂದು ವಿಚಿತ್ರ ಅನುಭವವಾಗುತ್ತದೆ. ಪುಸ್ತಕದಲ್ಲಿ ಇಲ್ಲದ, ನಿಮ್ಮ ಬಾಯಲ್ಲಿ ಮಾತ್ರ ಇರುವ ನಿಯಮಗಳು ಒಂದೊಂದಾಗಿ ಹೊರಬರುತ್ತವೆ. ಚೌಕಾಬಾರ ಆಡಿದವರಿಗೆ ಇದು ಗೊತ್ತು. ನಮ್ಮ ತಾಯಿಯ ತವರಿನಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ, ತಂದೆಯ ಊರಿನಲ್ಲಿ ಹೋಗಬಹುದು. ಕವಡೆಯಲ್ಲಿ ನಾಲ್ಕೋ ಎಂಟೋ ಬಿದ್ದರೆ ಇನ್ನೊಂದು ಸಲ ಹಾಕಬಹುದೆಂದು ಎಲ್ಲರೂ ಒಪ್ಪುತ್ತಾರೆ, ಸತತ ಮೂರು ಸಲ ಬಿದ್ದರೆ ಏನು ಎಂದು ಕೇಳಿ ನೋಡಿ, ಮನೆಗೊಂದು ಉತ್ತರ. ಹಾಸಿನ ಮುಂದೆ ಕುಳಿತಾಗ ಹಿರಿಯರು ಹೇಳಿದ್ದೇ ಕಾನೂನು. ಕಂಪ್ಯೂಟರಿಗೆ ಹಿರಿಯರಿಲ್ಲ.

ನಿಮ್ಮ ಪುಸ್ತಕದಲ್ಲಿ ನನಗೆ ಸಿಕ್ಕ ಇಂಥ ಒಂದು ತೂತು ದವಸದ ನಿಯಮದಲ್ಲಿದೆ. “ದಂಡಿನಿಂದ ತನ್ನ ಉಗ್ರಾಣದವರೆಗೆ ಶತ್ರುವಿಲ್ಲದ ದಾರಿ ಇರಬೇಕು, ಎತ್ತುಗಳು ನಾಲ್ಕು ಊರು ದಾಟಬಹುದು” ಎಂದು ಬರೆದಿದ್ದೀರಿ. ದಾರಿ ಹುಡುಕುವುದು ಕಂಪ್ಯೂಟರಿಗೆ ಮಕ್ಕಳಾಟ. 72 ಊರುಗಳಲ್ಲಿ ಒಂದೊಂದರ ನೆರೆಯೂರುಗಳನ್ನು ಪಟ್ಟಿ ಮಾಡಿ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಹುಡುಕುತ್ತದೆ. ಆದರೆ ದೇವನಹಳ್ಳಿ ನಿಮ್ಮದೇ ಊರು, ಅದನ್ನು ಶತ್ರು ಸುತ್ತುವರಿದಿದ್ದಾನೆ, ಕೋಟೆ ಇನ್ನೂ ಬಿದ್ದಿಲ್ಲ. ಅದರ ಮೂಲಕ ಎತ್ತು ಹಾಯಬಹುದೇ? ಸುತ್ತುವರಿದವನ ಎತ್ತುಗಳು ಹಾಯಬಹುದೇ? ಹೊರಟ ಊರು ನಾಲ್ಕರಲ್ಲಿ ಸೇರುತ್ತದೆಯೇ? ಮೇಜಿನ ಮುಂದೆ ಇದು ಬಂದಾಗ ಯಾರೋ ಒಬ್ಬರು “ಹೋಗಲಿ ಬಿಡಿ” ಎಂದಿರುತ್ತೀರಿ. ಕೋಡಿನಲ್ಲಿ “ಹೋಗಲಿ ಬಿಡಿ” ಎಂಬ ಆಜ್ಞೆ ಇಲ್ಲ.

ಇದಕ್ಕೆ ಮದ್ದು ಪರೀಕ್ಷೆಯ ಪಟ್ಟಿ. ಡಿಪ್ಲೊಮಸಿಯಲ್ಲಿ ಹಡಗಿನಲ್ಲಿ ದಂಡು ಸಾಗಿಸುವ ಸರಳ ನಿಯಮವೇ ಕೆಲವೊಮ್ಮೆ ತನ್ನನ್ನು ತಾನೇ ಕಚ್ಚಿಕೊಂಡು ಉತ್ತರವಿಲ್ಲದ ಒಗಟಾಗುತ್ತದೆ. ಆ ಆಟಕ್ಕೆ ಪ್ರೋಗ್ರಾಂ ಬರೆಯುವವರು ಹೀಗಾಗಿ ಪರೀಕ್ಷಾ ಪ್ರಕರಣಗಳ ಒಂದು ಉದ್ದ ಪಟ್ಟಿಯನ್ನೇ ಇಟ್ಟುಕೊಂಡಿದ್ದಾರೆ: ಇಂಥ ಸ್ಥಿತಿ, ಇಂಥ ಅಪ್ಪಣೆಗಳು, ಬರಬೇಕಾದ ಫಲ ಇದು. ನೀವೂ ಅಂಥದ್ದೊಂದು ಮಾಡಿ. ನಿಯಮದ ಪ್ರತಿ ಪುಟಕ್ಕೆ ಮೂರು-ನಾಲ್ಕು ಪ್ರಕರಣ ಸಾಕು. ಕೋಡ್ ಗೊತ್ತಿಲ್ಲದ ಉಳಿದ ಮೂವರೂ ಇದನ್ನು ಬರೆಯಬಹುದು. ಹಾಗೆ ನೋಡಿದರೆ ಅವರೇ ಬರೆಯಬೇಕು. ಕೋಡ್ ಬರೆಯುವವನೇ ಪ್ರಕರಣವನ್ನೂ ಬರೆದರೆ ತನ್ನ ತಪ್ಪನ್ನೇ ನಿಯಮವೆಂದು ಬರೆದುಕೊಂಡಿರುತ್ತಾನೆ.

ಆಟವನ್ನು ಉಳಿಸಿಡುವ ಬಗೆಯೂ ಮುಖ್ಯ. ಕಾಯಿಗಳು ಈಗ ಎಲ್ಲಿವೆ ಎಂಬುದನ್ನಷ್ಟೇ ಉಳಿಸಬೇಡಿ. ಮೊದಲ ನಡೆಯಿಂದ ಇಲ್ಲಿಯವರೆಗೆ ಆದದ್ದೆಲ್ಲದರ ದಿನಚರಿ ಇಡಿ: ಯಾರು, ಯಾವ ಕಾಯಿ, ಎಲ್ಲಿಂದ ಎಲ್ಲಿಗೆ, ದಾಳದಲ್ಲಿ ಎಷ್ಟು ಬಿತ್ತು. ಸಣ್ಣ ಸಾಲುಗಳು, ಇಡೀ ಆಟದ ದಿನಚರಿ ಒಂದು ಫೋಟೋದಷ್ಟೂ ಜಾಗ ತಿನ್ನುವುದಿಲ್ಲ. ಅದು ಇದ್ದರೆ ಆಟವನ್ನು ಮೊದಲಿನಿಂದ ಮತ್ತೆ ನಡೆಸಿ ನೋಡಬಹುದು, ತಕರಾರು ಬಂದಾಗ ಯಾವ ನಡೆಯಲ್ಲಿ ತಪ್ಪಾಯಿತೆಂದು ಬೆರಳಿಟ್ಟು ತೋರಿಸಬಹುದು, ಮೂರು ದಿನದ ಮೇಲೆ ಬಂದವರಿಗೆ “ನೀವು ಇಲ್ಲದಾಗ ಆದದ್ದು” ಎಂದು ಕಥೆ ಹೇಳಬಹುದು. ನಡೆ ಹಿಂತೆಗೆಯುವುದೂ ಇದರಿಂದಲೇ ಸುಲಭ. ಕಾಯಿ ನಡೆಸಿದವನು ಮನಸ್ಸು ಬದಲಿಸಿದರೆ ಹಿಂತೆಗೆಯಲಿ, ಆದರೆ ದಾಳ ಬಿದ್ದಿದ್ದರೆ ಅಥವಾ ಹೊಸ ಎಲೆ ತೆರೆದಿದ್ದರೆ ಅಲ್ಲಿಗೆ ಬಾಗಿಲು ಮುಚ್ಚಿತು. ಒಂದು ಎಚ್ಚರ: ಆಟ ಅರ್ಧದಲ್ಲಿರುವಾಗ ನಿಯಮದ ಕೋಡ್ ತಿದ್ದಿದರೆ ಹಳೆಯ ದಿನಚರಿಯನ್ನು ಹೊಸ ನಿಯಮ ಓದಲು ಹೋಗಿ ತಬ್ಬಿಬ್ಬಾಗುತ್ತದೆ. ಪ್ರತಿ ಆಟದ ತಲೆಯಲ್ಲೇ ಅದು ಯಾವ ಆವೃತ್ತಿಯ ನಿಯಮದಲ್ಲಿ ಶುರುವಾಯಿತೆಂದು ಬರೆದು, ಅದರಲ್ಲೇ ಮುಗಿಸಿ.

ದಾಳದ ಬಗ್ಗೆ ಜನ ಬೈಯುತ್ತಾರೆ, ತಯಾರಾಗಿರಿ. ಕೈಯಿಂದ ಹಾಕಿದ ದಾಳ ಕೈಕೊಟ್ಟರೆ ನಮ್ಮ ಹಣೆಬರಹ, ಕಂಪ್ಯೂಟರಿನ ದಾಳ ಕೈಕೊಟ್ಟರೆ ಮೋಸ. ಗೆಲ್ಲುವ ಸಾಧ್ಯತೆ ಮೂರರಲ್ಲಿ ಎರಡಿದ್ದರೂ ಸತತವಾಗಿ ಮೂರು ಸಲ ಸೋಲುವುದು 27ರಲ್ಲಿ ಒಂದು. ಮೂವತ್ತು ಮುತ್ತಿಗೆಯ ಆಟದಲ್ಲಿ ಅದು ಯಾರಿಗಾದರೂ ಆದರೆ ಅಚ್ಚರಿಯೇನಿಲ್ಲ. ವಾದಕ್ಕಿಳಿಯಬೇಡಿ. ಬಿದ್ದ ದಾಳಗಳೆಲ್ಲವನ್ನೂ ಎಲ್ಲರಿಗೂ ಕಾಣುವಂತೆ ಒಂದು ಪುಟದಲ್ಲಿ ಪಟ್ಟಿ ಮಾಡಿ. ಬೈಗುಳ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ.

ಕನ್ನಡದಲ್ಲಿ ಮಾಡುತ್ತಿರುವುದರಿಂದ ಇನ್ನೊಂದು ತೊಡಕು. ಕೋಡಿನೊಳಗೆ ಊರನ್ನು ಹೆಸರಿನಿಂದ ಗುರುತಿಸಬೇಡಿ, ಸಂಖ್ಯೆಯಿಂದ ಗುರುತಿಸಿ. ನಿಮ್ಮದೇ ಹಾಳೆಗಳಲ್ಲಿ ಒಂದು ಕಡೆ ಶಿರಾ, ಇನ್ನೊಂದು ಕಡೆ ಸಿರಾ. ಒಂದು ಕಡೆ ಮಧುಗಿರಿ, ಎಲೆಯ ಮೇಲೆ ಮದ್ದಗಿರಿ. ಇದಾದರೂ ಕಣ್ಣಿಗೆ ಕಾಣುತ್ತದೆ. ಕಾಣದ್ದೂ ಇದೆ. ಬೇರೆ ಬೇರೆ ಕೀಲಿಮಣೆಗಳಲ್ಲಿ ಬರೆದ ಒಂದೇ ಊರಿನ ಹೆಸರಿನಲ್ಲಿ ಅಕ್ಷರಗಳ ನಡುವೆ ಅಗಲವಿಲ್ಲದ ಗುಪ್ತ ಚಿಹ್ನೆಗಳು ಸೇರಿಕೊಂಡಿರಬಹುದು. ನೋಡುವುದಕ್ಕೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಊರು. ಇದನ್ನು ಹುಡುಕುತ್ತಾ ನಾನೊಂದು ಇಡೀ ರಾತ್ರಿ ಕಳೆದಿದ್ದೇನೆ. ನಕ್ಷೆಯ ಚಿತ್ರದಲ್ಲೂ ಹೆಸರುಗಳನ್ನು ಅಚ್ಚು ಒತ್ತಿಬಿಡದೆ ಮೇಲೆ ಬೇರೆ ಅಕ್ಷರಗಳಾಗಿ ಕೂರಿಸಿ. ‘ಚಿಕ್ಕಬಳ್ಳಾಪುರ’ದ ಒತ್ತಕ್ಷರಗಳು ಆರಿಂಚಿನ ತೆರೆಯಲ್ಲಿ ಇರುವೆಯಂತೆ ಕಾಣುತ್ತವೆ, ಹಿಗ್ಗಿಸಿದಾಗ ಹೆಸರು ತಿಳಿಯಾಗಿಯೇ ಉಳಿಯಬೇಕು. ಕಾಯಿ ಮುಟ್ಟಿದಾಗ ಅದು ಹೋಗಬಹುದಾದ ಊರುಗಳು ಮಾತ್ರ ಬೆಳಗಲಿ. ಆಗ ಅರ್ಧ ನಿಯಮ ಪುಸ್ತಕವನ್ನು ಯಾರೂ ಓದಬೇಕಿಲ್ಲ.

ಇಷ್ಟೆಲ್ಲ ಕೇಳಿ ಎದೆ ಒಡೆದುಕೊಳ್ಳಬೇಡಿ. ಕೋಡ್ ಬರೆಯುವ ಮೊದಲು ವ್ಯಾಸಲ್ ಎಂಬ ಉಚಿತ ತಂತ್ರಾಂಶದಲ್ಲಿ ಆಟವನ್ನು ಹಾಸಿ ಒಂದೆರಡು ತಿಂಗಳು ಆಡಿ. ಯುದ್ಧದಾಟ ಆಡುವವರು ಬಹುಕಾಲದಿಂದ ಅದನ್ನು ಬಳಸುತ್ತಿದ್ದಾರೆ. ನಕ್ಷೆ, ಕಾಯಿ, ಎಲೆಗಳ ಚಿತ್ರ ಕೊಟ್ಟರೆ ಸಾಕು, ಪ್ರೋಗ್ರಾಮಿಂಗ್ ಬೇಡ. ನಡೆಗಳನ್ನು ಕಡತವಾಗಿ ಉಳಿಸಿ ಇಮೇಲ್‌ನಲ್ಲಿ ಕಳಿಸಬಹುದು. ಅದಕ್ಕೆ ನಿಮ್ಮ ನಿಯಮ ಗೊತ್ತಿರುವುದಿಲ್ಲ, ತಪ್ಪು ನಡೆಯನ್ನು ತಡೆಯುವುದಿಲ್ಲ, ಮೊಬೈಲಿನಲ್ಲಿ ನಡೆಯುವುದಿಲ್ಲ. ಈ ಮೂರು ಕೊರತೆಗಳೂ ಈಗ ನಿಮಗೆ ಒಳ್ಳೆಯವೇ. ಹೊಸ ಮುತ್ತಿಗೆಯ ಕ್ರಮವನ್ನು ಒಂದು ಸಾಲು ಕೋಡ್ ಬರೆಯದೆ ಅಲ್ಲೇ ಪ್ರಯೋಗಿಸಬಹುದು. ಕಂಪ್ಯೂಟರೇ ನಿಯಮ ಕಾಯುವ ಆಟ ಹೇಗಿರುತ್ತದೆಂದು ನೋಡಲು ರ‍್ಯಾಲಿ ದ ಟ್ರೂಪ್ಸ್ ತಾಣದಲ್ಲಿ ಒಂದೆರಡು ಐತಿಹಾಸಿಕ ಆಟ ಆಡಿ. ಅಲ್ಲಿ ಅಲಂಕಾರ ಕಡಿಮೆ, ಸರದಿ ಬಂದವರು ಬಿಡುವಾದಾಗ ಬಂದು ಆಡಿ ಹೋಗುತ್ತಾರೆ. ನಿಮಗೆ ಬೇಕಾದದ್ದು ಅದೇ ಜಾತಿಯದು. ಮೂರು ಆಯಾಮದಲ್ಲಿ ಮೇಜು-ದೀಪ ತೋರಿಸುವ ಟೇಬಲ್‌ಟಾಪ್ ಸಿಮ್ಯುಲೇಟರ್ ಕಡೆ ಈಗ ಹೋಗಬೇಡಿ. ನಾಲ್ವರೂ ಒಂದೇ ಹೊತ್ತಿಗೆ ಕೂರುವವರಿಗೆ ಅದು ಹಬ್ಬ, ನಿಮಗಲ್ಲ.

ಆಟ ನಿಮ್ಮದೇ ಆದ್ದರಿಂದ ಹಕ್ಕಿನ ತಕರಾರಿಲ್ಲ. ಬೇರೆಯವರ ಅಚ್ಚಾದ ಆಟವಾಗಿದ್ದರೆ ನಿಯಮ ಪುಸ್ತಕದ ಬರಹಕ್ಕೂ ಚಿತ್ರಗಳಿಗೂ ಪ್ರಕಾಶಕರ ಅನುಮತಿ ಪಡೆಯಿರಿ ಎನ್ನುತ್ತಿದ್ದೆ. ಹಣ ಕಟ್ಟಿ ಆಡುವ ಯೋಚನೆಯನ್ನು ತಮಾಷೆಗೂ ಸೇರಿಸಬೇಡಿ, 2025ರ ಕೇಂದ್ರ ಕಾಯ್ದೆ ಅಂಥ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ.

ಗಡುವಿನ ವಿಷಯದಲ್ಲಿ ಕಠಿಣರಾಗಿ. ಒಂದು ತೀರ್ಮಾನಕ್ಕೆ ಎರಡು ದಿನ. ದಾಟಿದರೆ ಮುಂಗಡ ಅಪ್ಪಣೆ ಜಾರಿಯಾಗುತ್ತದೆ, ಅದೂ ಇಲ್ಲದಿದ್ದರೆ ದಂಡು ನಿಂತಲ್ಲೇ ನಿಲ್ಲುತ್ತದೆ. ಸರದಿ ಬಂದಾಗ ಸುದ್ದಿ ಮುಟ್ಟಿಸಲು ಇಮೇಲ್ ಸಾಲದು, ಯಾರೂ ನೋಡುವುದಿಲ್ಲ. ಟೆಲಿಗ್ರಾಂನಲ್ಲಿ ತಾನಾಗಿ ಸಂದೇಶ ಕಳಿಸುವ ಖಾತೆಯನ್ನು ಪುಕ್ಕಟೆಯಾಗಿ ಮಾಡಿಕೊಳ್ಳಬಹುದು. “ನಿಮ್ಮ ಸರದಿ” ಎಂದಷ್ಟೇ ಬರೆಯಬೇಡಿ. “ನಂದಿದುರ್ಗ ಮುತ್ತಿಗೆಯಲ್ಲಿದೆ, ನಿಜಾಮರೇ, ಕುದುರೆ ಕೊಡುವಿರಾ?” ಎಂದು ಬರೆಯಿರಿ. ಓದಿದವರು ಊಟ ಬಿಟ್ಟು ಉತ್ತರ ಕೊಡುತ್ತಾರೆ.

ಒಂದನ್ನು ಮಾತ್ರ ಕಂಪ್ಯೂಟರಿಗೆ ಕೊಡಬೇಡಿ: ಸಂಧಾನ. ನಿಜಾಮ, ಮರಾಠ ಇಬ್ಬರೂ ಜಗುಲಿಗೆ ಎದ್ದು ಹೋಗಿ ಪಿಸುಗುಟ್ಟಿ, ಏನೂ ಆಗದವರಂತೆ ಒಳಗೆ ಬರುವುದು ನಿಮ್ಮ ಆಟದ ಜೀವ ಎಂದು ಪುಸ್ತಕ ಓದಿದರೇ ಗೊತ್ತಾಗುತ್ತದೆ. ಅದಕ್ಕೆ ಗುಂಡಿ, ಪಟ್ಟಿ, ಒಪ್ಪಂದದ ನಮೂನೆ ಮಾಡಲು ಹೋದರೆ ತಾಲ್ಲೂಕು ಕಚೇರಿಯ ಅರ್ಜಿಯಂತಾಗುತ್ತದೆ. ಫೋನಿನಲ್ಲಿ ಮಾತಾಡಿಕೊಳ್ಳಲಿ, ಮಾತು ಕೊಡಲಿ, ತಪ್ಪಲಿ. ಹಣ, ಎತ್ತು, ದವಸ ಕೈ ಬದಲಾಗುವ ಕ್ಷಣವನ್ನು ಮಾತ್ರ ಸರ್ವರ್ ನಡೆಸಿಕೊಡಲಿ.

ದೀಪಾವಳಿಯ ಆಟವಾದ ಮೇಲೆ ಎಣಿಕೆಯ ಹಾಳೆಯನ್ನು ಕಳಿಸಿ. ಸುತ್ತುವರಿದ ದೇವನಹಳ್ಳಿಯ ಮೂಲಕ ಎತ್ತು ಹಾಯಬಹುದೇ ಎಂಬುದಕ್ಕೆ ನಾಲ್ವರೂ ಒಪ್ಪಿ ಬರೆದ ಉತ್ತರವೂ ಅದರಲ್ಲಿರಲಿ.